ಅನಿಯತ ಕ್ರಿಯಾಪದಗಳ ಕಾವಲು

ಫ್ರೆಂಚ್ ಭಾಷೆಯನ್ನು ಕಲಿಯತೊಡಗಿದವರು ಮೊದಲ ವರ್ಷವನ್ನು ಬಹುಮಟ್ಟಿಗೆ ಉತ್ಸಾಹದಲ್ಲಿಯೇ ಕಳೆಯುತ್ತಾರೆ. ನಮಸ್ಕಾರ, ಊಟ, ಪೇಟೆ, ಹವೆ ಇವುಗಳ ಮಾತು ನಾಲಗೆಗೆ ಹತ್ತುತ್ತದೆ. ವರ್ತಮಾನ, ಭೂತ, ಭವಿಷ್ಯತ್ತುಗಳು ಕನ್ನಡದ ಕಾಲಗಳ ಪಕ್ಕದಲ್ಲಿ ಹೇಗೋ ಜಾಗ ಮಾಡಿಕೊಳ್ಳುತ್ತವೆ. ಆಮೇಲೆ ಒಂದು ದಿನ ಅಧ್ಯಾಪಕರು ಕರಿಹಲಗೆಯ ಮೇಲೆ ‘ಸುಬ್ಜೋಂಕ್ತಿಫ್’ ಎಂಬ ಪದವನ್ನು ಬರೆದು, ಅದರ ಕೆಳಗೆ ಏಳೆಂಟು ಕ್ರಿಯಾಪದಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ತರಗತಿಯ ಹಿಂದಿನ ಬೆಂಚುಗಳು ಖಾಲಿಯಾಗತೊಡಗಿದರೆ ಆಶ್ಚರ್ಯಪಡಬೇಕಾಗಿಲ್ಲ.

ಫ್ರೆಂಚರ ಮಕ್ಕಳಿಗೂ ಇದು ಸುಲಭವಲ್ಲ. ಕ್ರಿಯಾಪದಗಳ ರೂಪಾವಳಿಯನ್ನು ಅಚ್ಚು ಹಾಕಿಸಿದ ಹತ್ತೊಂಬತ್ತನೆಯ ಶತಮಾನದ ಬೆಶ್ರೆಲ್ ಎಂಬ ವ್ಯಾಕರಣಕಾರನ ಹೆಸರು ಇಂದು ಆ ಬಗೆಯ ಪುಸ್ತಕಕ್ಕೇ ಹೆಸರಾಗಿ ನಿಂತಿದೆ. ನಮ್ಮಲ್ಲಿ ಮಗ್ಗಿ ಪುಸ್ತಕವಿದ್ದ ಹಾಗೆ ಅಲ್ಲಿನ ಶಾಲಾಮಕ್ಕಳ ಮನೆಗಳಲ್ಲಿ ‘ಬೆಶ್ರೆಲ್’ ಇರುತ್ತದೆ. ಕಾಸರಗೋಡಿನಿಂದ ರೈಲಿನಲ್ಲಿ ತೆಂಕಣಕ್ಕೆ ಹೊರಟರೆ ಕಣ್ಣೂರು, ತಲಶ್ಶೇರಿಗಳನ್ನು ದಾಟಿದೊಡನೆ ಸಿಗುವ ಮಾಹೆಯಲ್ಲಿ 1954ರ ಜುಲೈ ತಿಂಗಳವರೆಗೂ ಫ್ರೆಂಚರದೇ ಆಡಳಿತ. ಆದುದರಿಂದ ಈ ರೂಪಾವಳಿ ನಮ್ಮ ಕಡಲ ಕರೆಗೆ ತೀರ ಅಪರಿಚಿತವೆಂದೂ ಹೇಳುವಂತಿಲ್ಲ.

ಮುಂದೆ ಬರುವ ಫ್ರೆಂಚ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಆ ಭಾಷೆಯಲ್ಲಿ ಕಾಗುಣಿತಕ್ಕೂ ಉಚ್ಚಾರಕ್ಕೂ ಇರುವ ದೂರ ಎಲ್ಲರಿಗೂ ತಿಳಿದದ್ದೇ. ಪ್ರಸ್ತುತ ವಿಷಯಕ್ಕೆ ಕಿವಿಯೇ ಮುಖ್ಯ. ಏಕೆ ಮುಖ್ಯವೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಸುಬ್ಜೋಂಕ್ತಿಫ್ ಒಂದು ಕಾಲವಲ್ಲ. ಕ್ರಿಯೆ ಎಂದು ನಡೆಯಿತೆಂಬುದನ್ನು ಅದು ಹೇಳುವುದಿಲ್ಲ. ಆಡುವವನು ಆ ಕ್ರಿಯೆಯನ್ನು ಯಾವ ಮನಸ್ಸಿನಿಂದ ನೋಡುತ್ತಿದ್ದಾನೆಂಬುದನ್ನು ಹೇಳುತ್ತದೆ. ಕನ್ನಡ ವ್ಯಾಕರಣ ಓದಿದವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ನಮ್ಮಲ್ಲಿಯೂ ಮೂರು ರೂಪಗಳನ್ನು ಹೇಳಿದ್ದಾರೆ. ‘ಬರುತ್ತಾನೆ’ ಎಂಬಲ್ಲಿ ಇರುವ ನಿಶ್ಚಯ ‘ಬರಲಿ’ ಎಂಬಲ್ಲಿ ಇಲ್ಲ, ‘ಬಂದಾನು’ ಎಂಬಲ್ಲಿ ಮೊದಲೇ ಇಲ್ಲ. ಫ್ರೆಂಚಿನ ಸುಬ್ಜೋಂಕ್ತಿಫ್ ನಮ್ಮ ವಿಧ್ಯರ್ಥದ ಒಂದು ಪಾಲನ್ನೂ ಸಂಭಾವನಾರ್ಥದ ಒಂದು ಪಾಲನ್ನೂ ಸೇರಿಸಿ, ಅವೆರಡರ ಆಚೆಗೂ ಒಂದಿಷ್ಟು ನೆಲವನ್ನು ಆಕ್ರಮಿಸಿದೆ. ‘ಸ್ವಾ’ ಎಂಬ ಒಂದೇ ಪದವನ್ನು ಫ್ರೆಂಚಿನವನು ಒಬ್ಬಂಟಿಯಾಗಿ ನುಡಿದರೆ ಅದು ನಮ್ಮ ‘ಆಗಲಿ’. ಗಣಿತದ ಪುಸ್ತಕದಲ್ಲಿ ಒಂದು ತ್ರಿಭುಜವನ್ನು ಕಲ್ಪಿಸಿಕೊಳ್ಳುವಾಗಲೂ ಅವರು ಆ ‘ಸ್ವಾ’ದಿಂದಲೇ ವಾಕ್ಯವನ್ನು ಆರಂಭಿಸುತ್ತಾರೆ, ಕನ್ನಡದ ಗಣಿತ ಪುಸ್ತಕ ‘ಆಗಿರಲಿ’ ಎಂದು ವಾಕ್ಯವನ್ನು ಮುಗಿಸುತ್ತದೆ. ‘ವೀವ್ ಲಾ ಫ್ರಾಂಸ್’ ಎಂಬ ಘೋಷಣೆಯ ‘ವೀವ್’ ಕೂಡ ಬಾಳುವುದೆಂಬ ಕ್ರಿಯಾಪದದ ಇದೇ ರೂಪ: ‘ಬಾಳಲಿ’ ಎಂದರ್ಥ.

ಈ ರೂಪವನ್ನು ಕಟ್ಟುವ ಸಾಮಾನ್ಯ ವಿಧಾನ ಬಲು ಸರಳ. ವರ್ತಮಾನದಲ್ಲಿ ‘ಅವರು’ ಎಂಬ ಬಹುವಚನಕ್ಕೆ ಬರುವ ಕ್ರಿಯಾಪದದ ಕೊನೆಯ ಪ್ರತ್ಯಯವನ್ನು ತೆಗೆದು, ಉಳಿದ ಪ್ರಕೃತಿಗೆ ನಿಯತವಾದ ಪ್ರತ್ಯಯಗಳನ್ನು ಹಚ್ಚಿದರಾಯಿತು. ‘ಫಿನೀರ್’ ಎಂದರೆ ಮುಗಿಸು. ಅವರು ಮುಗಿಸುತ್ತಾರೆ ಎನ್ನುವುದಕ್ಕೆ ‘ಇಲ್ ಫಿನೀಸ್’. ಅದರಿಂದಲೇ ‘ನಾನು ಮುಗಿಸುವಂತೆ’ ಎಂಬರ್ಥದಲ್ಲಿ ‘ಕ ಜ ಫಿನೀಸ್’. ಬರು ಎಂಬರ್ಥದ ‘ವನೀರ್’, ತೆಗೆದುಕೊಳ್ಳು ಎಂಬರ್ಥದ ‘ಪ್ರಾಂದ್ರ್’ ಮುಂತಾದವು ಸ್ವಲ್ಪ ಗಡುಸು. ಅವು ಏಕವಚನದಲ್ಲಿ ‘ವಿಯೆನ್’, ‘ಪ್ರೆನ್’ ಎಂದು ಒಂದು ಪ್ರಕೃತಿಯನ್ನೂ, ನಾವು–ನೀವುಗಳಲ್ಲಿ ‘ವನಿಯೋಂ’, ‘ಪ್ರನಿಯೋಂ’ ಎಂದು ಇನ್ನೊಂದು ಪ್ರಕೃತಿಯನ್ನೂ ಹಿಡಿಯುತ್ತವೆ. ಲ್ಯಾಟಿನ್ನಿನ ಕಾಲದಲ್ಲಿ ಒತ್ತು ಕೆಲವೆಡೆ ಪ್ರಕೃತಿಯ ಮೇಲೆ, ಕೆಲವೆಡೆ ಪ್ರತ್ಯಯದ ಮೇಲೆ ಬೀಳುತ್ತಿದ್ದುದರ ಗುರುತು ಇದು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪಠ್ಯಪುಸ್ತಕಗಳು ಇದನ್ನು ಸಾಲದಷ್ಟು ಹೇಳುತ್ತವೆ. ಫ್ರೆಂಚಿನ ಕ್ರಿಯಾಪದಗಳಲ್ಲಿ ಹತ್ತಕ್ಕೆ ಒಂಬತ್ತು ಪಾಲು ‘ಪಾರ್ಲೇ’ ಎಂಬುದರ ಗುಂಪಿಗೆ ಸೇರಿದವು, ಅತ್ಯಂತ ನಿಯಮಬದ್ಧವಾದವು. ‘ಪಾರ್ಲೇ’ ಎಂದರೆ ಮಾತನಾಡು. ಅವನು ಮಾತನಾಡುತ್ತಾನೆ ಎನ್ನುವುದಕ್ಕೂ ‘ಪಾರ್ಲ್’, ಅವನು ಮಾತನಾಡಲಿ ಎನ್ನುವುದಕ್ಕೂ ‘ಪಾರ್ಲ್’. ನಾನು, ನೀನು, ಅವನು, ಅವರು ನಾಲ್ಕರಲ್ಲಿಯೂ ನಿಶ್ಚಯಕ್ಕೂ ಸುಬ್ಜೋಂಕ್ತಿಫಿಗೂ ಕಿವಿಗೆ ಭೇದವೇ ಇಲ್ಲ. ನಾವು–ನೀವುಗಳಲ್ಲಿ ಒಂದು ‘ಇ’ಕಾರ ಸೇರಿ ಭೇದ ತೋರುತ್ತದೆ, ನಿಜ. ಆದರೆ ಇಂದಿನ ಆಡುಮಾತಿನಲ್ಲಿ ಫ್ರೆಂಚರು ‘ನಾವು’ ಎನ್ನುವ ಬದಲು ಹೆಚ್ಚಾಗಿ ‘ಓಂ’ ಎಂಬ ಸರ್ವನಾಮವನ್ನು ಬಳಸುತ್ತಾರೆ, ಅದರೊಡನೆ ಮತ್ತೆ ‘ಪಾರ್ಲ್’. ಎಂದರೆ, ಭಾಷೆಯ ಬಹುಪಾಲು ಕ್ರಿಯಾಪದಗಳಲ್ಲಿ ಈ ರೂಪ ಬಾಯಿಮಾತಿನಲ್ಲಿ ಹೆಚ್ಚುಕಡಿಮೆ ಅಳಿದೇ ಹೋಗಿದೆ. ಎಲ್ಲ ಕ್ರಿಯಾಪದಗಳೂ ‘ಪಾರ್ಲೇ’ಯಷ್ಟು ಸಾಧುವಾಗಿದ್ದರೆ ಫ್ರೆಂಚರ ಬಾಯಲ್ಲಿ ಸುಬ್ಜೋಂಕ್ತಿಫ್ ಎಂದೋ ಕಾಣೆಯಾಗಿರುತ್ತಿತ್ತು.

ಅದನ್ನು ಉಳಿಸಿದವು, ಕಲಿಯುವವರು ಶಪಿಸುವ ಆ ಏಳೆಂಟು ಅನಿಯತ ಕ್ರಿಯಾಪದಗಳೇ. ಮಾಡು ಎಂಬರ್ಥದ ‘ಫೇರ್’ ಇಲ್ಲಿ ‘ಫಾಸ್’ ಆಗುತ್ತದೆ. ತಿಳಿ ಎಂಬರ್ಥದ ‘ಸವ್ವಾರ್’ ‘ಸಾಶ್’ ಆಗುತ್ತದೆ. ಶಕ್ತನಾಗು ಎಂಬರ್ಥದ ‘ಪುವ್ವಾರ್’ ‘ಪ್ವೀಸ್’ ಆಗುತ್ತದೆ. ಈ ಮೂರೂ ಎಲ್ಲ ಪುರುಷಗಳಲ್ಲಿ ಹೊಸ ಪ್ರಕೃತಿಯನ್ನೇ ಹಿಡಿದು ನಡೆಯುತ್ತವೆ. ಹೋಗು ಎಂಬರ್ಥದ ‘ಅಲೇ’ ‘ಆಯ್’ ಆಗುತ್ತದೆ, ಬಯಸು ಎಂಬರ್ಥದ ‘ವುಲ್ವಾರ್’ ‘ವೊಯ್’ ಆಗುತ್ತದೆ, ಬೆಲೆಬಾಳು ಎಂಬರ್ಥದ ‘ವಲ್ವಾರ್’ ‘ವಾಯ್’ ಆಗುತ್ತದೆ. ಆದರೆ ನಾವು–ನೀವುಗಳಲ್ಲಿ ಇವು ಮೂರೂ ‘ಅಲಿಯೋಂ’, ‘ವುಲಿಯೋಂ’, ‘ವಲಿಯೋಂ’ ಎಂದು ಹಳೆಯ ಮನೆಗೆ ಮರಳುತ್ತವೆ. ‘ಅವನು ಮಾಡುತ್ತಾನೆ’ ಎನ್ನುವ ‘ಇಲ್ ಫೇ’ ಎಲ್ಲಿ, ‘ಅವನು ಮಾಡಲಿ’ ಎನ್ನುವ ‘ಕಿಲ್ ಫಾಸ್’ ಎಲ್ಲಿ! ಕಿವುಡನಿಗೂ ಭೇದ ಕೇಳಿಸೀತು. ಮಾಡು, ಹೋಗು, ಇರು, ತಿಳಿ, ಬಯಸು ಎಂಬಿವು ಮನುಷ್ಯನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತುಗಳು. ಆ ನೂರು ಸಲವೂ ರೂಪ ಬೇರೆಯೆಂದು ಮಗುವಿನ ಕಿವಿಗೆ ಬೀಳುತ್ತದೆ. ‘ನೀನು ಜಾಣನಾಗಿರಬೇಕು’ ಎನ್ನಲು ಫ್ರೆಂಚ್ ತಾಯಿ ‘ಇಲ್ ಫೋ ಕ ತ್ಯು ಸ್ವಾ ಸಾಜ್’ ಎನ್ನುತ್ತಾಳೆ. ಶಾಲೆಗೆ ಸೇರುವ ಮೊದಲೇ ಮಗು ‘ಸ್ವಾ’ ಎಂಬುದನ್ನು ಅರಿತಿರುತ್ತದೆ. ‘ಪಾರ್ಲ್’ ಎಂಬ ಮೂಕ ರೂಪದೊಳಗೂ ಒಂದು ಭಾವ ಅಡಗಿದೆಯೆಂಬ ತಿಳಿವು ಅದಕ್ಕೆ ಬರುವುದು ಈ ಹಾದಿಯಿಂದಲೇ.

ಇವುಗಳ ವಕ್ರತೆ ಅಕಾರಣವಾದುದೂ ಅಲ್ಲ. ಲ್ಯಾಟಿನ್ನಿನಲ್ಲಿ ತಿಳಿ ಎಂಬುದರ ಈ ರೂಪ ‘ಸಪಿಯಾಂ’ ಎಂದಿತ್ತು, ಮಾಡು ಎಂಬುದರದು ‘ಫಾಕಿಯಾಂ’, ಬೆಲೆಬಾಳು ಎಂಬುದರದು ‘ವಲೆಯಾಂ’. ನಡುವಿನ ‘ಇ’, ‘ಎ’ಗಳು ಕಾಲಕ್ರಮದಲ್ಲಿ ಯಕಾರವಾಗಿ ಹಿಂದಿನ ವ್ಯಂಜನವನ್ನು ಕರಗಿಸಿಬಿಟ್ಟವು. ‘ಪ’ಕಾರ ಯಕಾರದೊಡನೆ ಕೂಡಿ ಶಕಾರವಾಯಿತು, ‘ಸಾಶ್’ ಹುಟ್ಟಿತು. ತತ್ಸಮ–ತದ್ಭವಗಳ ಪಾಠ ಕೇಳಿದವರಿಗೆ ಇದು ಹೊಸತೇ? ಸಂಧ್ಯಾ ಎಂಬುದು ಸಂಜೆಯಾದದ್ದೂ ವಿದ್ಯಾ ಎಂಬುದು ಬಿಜ್ಜೆಯಾದದ್ದೂ ಯಕಾರದ ಇಂಥದೇ ಒತ್ತಡದಿಂದ. ಕನ್ನಡದಲ್ಲಿಯೂ ಹಾದಿ ಬಿಟ್ಟು ನಡೆಯುವ ಕ್ರಿಯಾಪದಗಳು ಯಾವುವೆಂದು ನೋಡಿದರೆ ಬರು, ತರು, ಇರು, ಆಗು, ಹೋಗು, ಕೊಳ್ಳು ಎಂಬ ನಿತ್ಯದ ಮಾತುಗಳೇ ಸಿಗುತ್ತವೆ. ‘ಮಾಡಿದ’, ‘ಹಾಡಿದ’ ಎಂಬ ನೇರ ದಾರಿ ಇವಕ್ಕಿಲ್ಲ. ಬಂದ, ತಂದ, ಇದ್ದ, ಆದ, ಹೋದ, ಕೊಂಡ. ಅಪರೂಪಕ್ಕೆ ಬಳಸುವ ಪದದ ಹಳೆಯ ರೂಪ ಮರೆತುಹೋಗಿ ನಿಯಮಕ್ಕೆ ಬಗ್ಗುತ್ತದೆ. ದಿನವೂ ಬಳಸುವ ಪದವನ್ನು ಯಾರೂ ಮರೆಯುವುದಿಲ್ಲವಾದ್ದರಿಂದ ಅದು ತನ್ನ ಹಳೆಯ ಡೊಂಕನ್ನು ಉಳಿಸಿಕೊಳ್ಳುತ್ತದೆ.

‘ಇರು’ ಎಂಬರ್ಥದ ‘ಎತ್ರ್’, ‘ಹೊಂದು’ ಎಂಬರ್ಥದ ‘ಅವ್ವಾರ್’ ಎಂಬ ಎರಡರ ಮಾತು ಬೇರೆ. ಉಳಿದವು ಪ್ರಕೃತಿಯಲ್ಲಿ ಮಾತ್ರ ತಪ್ಪಿ ನಡೆಯುತ್ತವೆ, ಇವು ಪ್ರತ್ಯಯದಲ್ಲಿಯೂ ತಪ್ಪುತ್ತವೆ. ಬರವಣಿಗೆಯಲ್ಲಿ ಇವು ಫ್ರೆಂಚರನ್ನೇ ಕಾಡುತ್ತವೆ. ‘ಸ್ವಾಯೋಂ’, ‘ಎಯೋಂ’ ಎಂಬ ನಾವು–ರೂಪಗಳಲ್ಲಿ ‘ವೈ’ ಅಕ್ಷರದ ಬಳಿಕ ‘ಐ’ ಅಕ್ಷರ ಬರಕೂಡದು. ಆದರೆ ನೋಡು ಎಂಬರ್ಥದ ‘ವ್ವಾರ್’ನ ಅದೇ ರೂಪದಲ್ಲಿ ಬರಲೇಬೇಕು. ಹಾಗೆಯೇ ‘ನನ್ನಲ್ಲಿದೆ’ ಎಂಬ ನಿಶ್ಚಯ ರೂಪಕ್ಕಿಂತ ‘ನನ್ನಲ್ಲಿರಲಿ’ ಎಂಬುದರ ಕಾಗುಣಿತದಲ್ಲಿ ಒಂದು ‘ಇ’ ಅಕ್ಷರ ಹೆಚ್ಚು. ಉಚ್ಚಾರದಲ್ಲಿ ಎರಡೂ ಬಹುಮಟ್ಟಿಗೆ ಒಂದೇ ಆಗಿ ಕೇಳಿಸುವುದರಿಂದ ಓದುಬರಹ ಬಲ್ಲವರೂ ಆ ಅಕ್ಷರವನ್ನು ಬಿಡುತ್ತಾರೆ.

ರೂಪವನ್ನು ಕಲಿತ ಮೇಲೆ ಬಳಕೆಯ ಪ್ರಶ್ನೆ. ‘ನಡೆಯದ ಸಂಗತಿಗೆ ಸುಬ್ಜೋಂಕ್ತಿಫ್, ನಡೆದ ಸಂಗತಿಗೆ ನಿಶ್ಚಯ’ ಎಂದು ಹಲವರು ಕಲಿತುಕೊಳ್ಳುತ್ತಾರೆ. ಇದು ಅರ್ಧ ಸತ್ಯ. ಬಯಕೆ, ಅಗತ್ಯ, ಸಂಶಯ, ಭಯ ಇವುಗಳ ಬೆನ್ನಿಗೆ ಬರುವ ಕ್ರಿಯೆ ಇನ್ನೂ ನಡೆದಿರುವುದಿಲ್ಲ ಎಂಬುದು ಸರಿಯೇ. ಆದರೆ ‘ಅವನು ಬಂದನೆಂದು ಸಂತೋಷವಾಯಿತು’ ಎಂಬ ವಾಕ್ಯದಲ್ಲಿ ಅವನು ಬಂದದ್ದು ಕಣ್ಣೆದುರಿನ ಸತ್ಯ. ಅಲ್ಲಿಯೂ ಫ್ರೆಂಚು ಸುಬ್ಜೋಂಕ್ತಿಫನ್ನೇ ಬೇಡುತ್ತದೆ. ಏಕೆಂದರೆ ಅಲ್ಲಿ ಆಡುವವನು ಅವನ ಬರವನ್ನು ಸುದ್ದಿಯಾಗಿ ಹೇಳುತ್ತಿಲ್ಲ, ತನ್ನ ಸಂತೋಷವನ್ನು ಹೇಳುತ್ತಿದ್ದಾನೆ; ಬರವು ಆ ಸಂತೋಷದೊಳಗೆ ಸೇರಿಕೊಂಡಿದೆ. ಆದುದರಿಂದ ನಡೆಯಿತೋ ಇಲ್ಲವೋ ಎಂಬುದಕ್ಕಿಂತ, ಆಡುವವನು ಅದನ್ನು ತನ್ನ ಹೊಣೆಯ ಮೇಲೆ ನಿಜವೆಂದು ಮುಂದಿಡುತ್ತಿದ್ದಾನೆಯೇ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ.

ದೂರದ ಊರಿನಲ್ಲಿರುವ ಮಗ ತಾಯಿಯ ಕುರಿತು ಆಡುವ ಎರಡು ಮಾತುಗಳನ್ನು ನೋಡಬಹುದು. ‘ಅಮ್ಮನಿಗೆ ಕಾಯಿಲೆಯೆಂದು ಗೊತ್ತು’ ಎನ್ನುವಾಗ ಅವನು ‘ಎಲ್ ಎ ಮಲಾದ್’ ಎಂಬ ನಿಶ್ಚಯ ರೂಪವನ್ನು ಬಳಸುತ್ತಾನೆ. ‘ಅಮ್ಮನಿಗೆ ಕಾಯಿಲೆಯೇನೋ ಎಂಬ ಭಯ’ ಎನ್ನುವಾಗ ‘ಕೆಲ್ ಸ್ವಾ ಮಲಾದ್’ ಎನ್ನಬೇಕು. ‘ಎ’ ಎಂಬುದಕ್ಕೂ ‘ಸ್ವಾ’ ಎಂಬುದಕ್ಕೂ ನಡುವೆ ಒಂದು ದೂರವಾಣಿ ಕರೆಯಷ್ಟೇ ಅಂತರ, ಆದರೆ ಮನಸ್ಸಿಗೆ ಅದು ಸಣ್ಣ ಅಂತರವಲ್ಲ. ಭಯದ ಕಡೆ ಕನ್ನಡವೂ ಬಡವಾಗಿಲ್ಲ. ‘ಮಳೆ ಬಂದೀತು’, ‘ಜೋಕೆ, ಬಿದ್ದೀಯೆ’ ಎಂಬ ಮಾತುಗಳಲ್ಲಿ ಸಂಭಾವನಾರ್ಥ ಮಾಡುವ ಕೆಲಸ ಅದೇ. ವರದಿಯ ಗದ್ಯದಲ್ಲಿ ‘ಬರುವ ಸಾಧ್ಯತೆ ಇದೆ’ ಎಂದು ಮೂರು ಪದ ಖರ್ಚು ಮಾಡುವಲ್ಲಿ ಹಿರಿಯರು ‘ಬಂದೀತು’ ಎಂದು ಒಂದರಲ್ಲಿ ಮುಗಿಸುತ್ತಾರೆ. ಈ ಒಂದು ಪದ ಬರಹದಿಂದ ಹಿಂದೆ ಸರಿಯುತ್ತಿರುವುದು ಕನ್ನಡಕ್ಕೆ ಲಾಭದ ವ್ಯಾಪಾರವಲ್ಲ.

ಭಯದ ಬೆನ್ನಿಗೆ ಸುಬ್ಜೋಂಕ್ತಿಫ್ ಬರುವುದಾದರೆ ಭರವಸೆಯ ಬೆನ್ನಿಗೂ ಬರಬೇಕಲ್ಲವೇ? ಸ್ಪ್ಯಾನಿಷಿನಲ್ಲಿ, ಇಟಾಲಿಯನ್ನಿನಲ್ಲಿ ಬರುತ್ತದೆ. ಫ್ರೆಂಚಿನಲ್ಲಿ ಬರುವುದಿಲ್ಲ. ‘ಎಸ್ಪೇರೇ’, ಎಂದರೆ ಭರವಸೆಯಿಡು ಎಂಬುದು, ನಿಷೇಧವಿಲ್ಲದಾಗ ನಿಶ್ಚಯ ರೂಪವನ್ನೇ ಕೇಳುತ್ತದೆ. ಭರವಸೆಯ ವಿಷಯದಲ್ಲಿ ಫ್ರೆಂಚರು ತಮ್ಮ ನೆರೆಯವರಿಗಿಂತ ಧೈರ್ಯವಂತರೆಂದು ತಮಾಷೆಗೆ ಹೇಳಬಹುದು. ಇನ್ನೊಂದು ಜಗಳವಿದೆ. ‘ಮೊದಲು’ ಎಂಬರ್ಥದ ‘ಅವಾಂ ಕ’ದ ಬಳಿಕ ಸುಬ್ಜೋಂಕ್ತಿಫ್, ‘ಬಳಿಕ’ ಎಂಬರ್ಥದ ‘ಅಪ್ರೆ ಕ’ದ ನಂತರ, ಕ್ರಿಯೆ ನಡೆದೇಹೋಗಿರುವುದರಿಂದ, ನಿಶ್ಚಯ. ತರ್ಕ ಸ್ಪಷ್ಟವಾಗಿದೆ, ಫ್ರೆಂಚ್ ಅಕಾಡೆಮಿಯ ನಿಲುವೂ ಇದೇ. ಆದರೂ ಜನ ಇವೆರಡನ್ನು ಜೋಡಿಯೆಂದು ಭಾವಿಸಿ ಎರಡರ ನಂತರವೂ ಸುಬ್ಜೋಂಕ್ತಿಫನ್ನೇ ಆಡುತ್ತಾರೆ. ಪರೀಕ್ಷೆ ಬರೆಯುವವರು ಅಕಾಡೆಮಿಯ ಕಡೆ ನಿಲ್ಲುವುದು ಕ್ಷೇಮ.

ಎಲ್ಲಕ್ಕಿಂತ ಸೊಗಸಾದ ಬಳಕೆ ಸಂಬಂಧವಾಚಕ ವಾಕ್ಯದಲ್ಲಿದೆ. ಗಡಿನಾಡಿನ ಕನ್ನಡಿಗರಿಗೆ ಅದು ಬೇಗನೆ ನಾಟೀತು. ‘ಕನ್ನಡ ಬಲ್ಲ ಅಧ್ಯಾಪಕರೊಬ್ಬರನ್ನು ಹುಡುಕುತ್ತಿದ್ದೇನೆ’ ಎಂಬುದು ಕನ್ನಡದಲ್ಲಿ ಒಂದೇ ವಾಕ್ಯ. ಅದಕ್ಕೆ ಎರಡು ಅರ್ಥ. ಅಂಥ ಒಬ್ಬರು ಇದ್ದಾರೆ, ಈಗ ಎಲ್ಲಿದ್ದಾರೆಂದು ಹುಡುಕುತ್ತಿದ್ದೇನೆ ಎಂಬುದೊಂದು. ಅಂಥವರು ಬೇಕು, ಇದ್ದಾರೋ ಇಲ್ಲವೋ ತಿಳಿಯದು ಎಂಬುದು ಇನ್ನೊಂದು. ಕನ್ನಡ ‘ಬಲ್ಲ’ ಎಂಬ ಒಂದೇ ಪದದಲ್ಲಿ ಎರಡನ್ನೂ ಹೇಳಿ, ಬೇಕಾದರೆ ‘ಯಾರಾದರೂ’ ಎಂಬುದನ್ನು ಊರುಗೋಲಾಗಿ ಕೊಡುತ್ತದೆ. ಫ್ರೆಂಚು ಕ್ರಿಯಾಪದದಲ್ಲಿಯೇ ಭೇದವನ್ನು ಇಟ್ಟಿದೆ. ಮೊದಲನೆಯ ಅರ್ಥಕ್ಕೆ ‘ಕಿ ಸೇ ಲ ಕನ್ನಡ’, ಎರಡನೆಯದಕ್ಕೆ ‘ಕಿ ಸಾಶ್ ಲ ಕನ್ನಡ’.

ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರನ್ನು ನೇಮಿಸಬೇಕು, ಕಚೇರಿಗೆ ಕನ್ನಡ ಓದಬಲ್ಲ ಅಧಿಕಾರಿಯನ್ನು ಕೊಡಬೇಕು ಎಂದು ಗಡಿಯ ಊರುಗಳಿಂದ ಮನವಿಗಳು ಹೋಗುತ್ತಲೇ ಇವೆ. ಆ ಮನವಿಗಳ ‘ಬಲ್ಲ’ ಎಂಬ ಪದವನ್ನು ಫ್ರೆಂಚಿಗೆ ತಿರುಗಿಸಬೇಕಾದವನು ಯೋಚಿಸಬೇಕಾದ ಅಗತ್ಯವೇ ಇಲ್ಲ. ಪ್ರತಿಯೊಂದು ಕಡೆಯೂ ‘ಸಾಶ್’. ತರಗತಿಯ ಮುಂದೆ ಅಂಥವರೊಬ್ಬರು ಬಂದು ನಿಂತ ಬಳಿಕವಷ್ಟೇ ಅವನು ‘ಸೇ’ ಎಂದು ಬರೆದಾನು.

ಸುಬ್ಜೋಂಕ್ತಿಫಿಗೆ ಒಂದು ಭೂತಕಾಲದ ರೂಪವೂ ಇತ್ತು. ಬಾಯಿಮಾತಿನಲ್ಲಿ ಅದೀಗ ಸತ್ತಿದೆ. ‘ನಾನು ಹಾಡಿರುವಂತೆ’ ಎನ್ನಲು ‘ಶಾಂತಾಸ್’ ಎಂಬಂಥ ಆ ರೂಪಗಳನ್ನು ಇಂದು ಯಾರಾದರೂ ಆಡಿದರೆ ಕೇಳುವವರು ನಗುತ್ತಾರೆ. ಹಳೆಯ ಕಾದಂಬರಿಗಳಲ್ಲಿ, ಗಂಭೀರ ಬರಹದಲ್ಲಿ ‘ಅವನು’ ಎಂಬ ಪುರುಷದಲ್ಲಿ ಮಾತ್ರ ಅದು ಟೋಪಿ ಹಾಕಿದ ಸ್ವರದೊಡನೆ ಅಲ್ಲಲ್ಲಿ ಕಾಣಿಸುತ್ತದೆ. 1901ರ ಫೆಬ್ರವರಿ 26ರಂದು ಫ್ರಾನ್ಸಿನ ಶಿಕ್ಷಣ ಸಚಿವರು ಹೊರಡಿಸಿದ ಆಜ್ಞೆಯೊಂದು, ‘ಬರಬೇಕಾಗಿತ್ತು’ ಎಂಬ ಬಗೆಯ ವಾಕ್ಯಗಳಲ್ಲಿ ಈ ಭೂತರೂಪದ ಬದಲು ವರ್ತಮಾನರೂಪ ಬರೆದರೂ ಪರೀಕ್ಷೆಯಲ್ಲಿ ತಪ್ಪೆಂದು ಎಣಿಸಕೂಡದೆಂದು ವಿಧಿಸಿತು. ಬಳಕೆ ಮುಂದೆ ನಡೆದಿತ್ತು, ಸರಕಾರ ಅದನ್ನು ಹಿಂಬಾಲಿಸಿತು. ಕಲಿಯುವವರು ಈ ರೂಪವನ್ನು ಓದಿ ಗುರುತಿಸಬಲ್ಲರಾದರೆ ಸಾಕು.

ವರ್ತಮಾನದ ರೂಪವನ್ನಾದರೋ ಪಟ್ಟಿಯಿಂದ ಬಾಯಿಪಾಠ ಮಾಡುವುದಕ್ಕಿಂತ ವಾಕ್ಯಗಳಾಗಿ ಹಿಡಿಯುವುದು ಒಳ್ಳೆಯದು. ‘ಬೇಕು’ ಎಂಬರ್ಥದ ‘ಇಲ್ ಫೋ ಕ’ ಎಂಬುದೊಂದು ಕೈಯಲ್ಲಿದ್ದರೆ ಏಳು ದಿನಕ್ಕೆ ಏಳು ವಾಕ್ಯಗಳಾಗುತ್ತವೆ. ಹೊರಡುವಾಗ ‘ಇಲ್ ಫೋ ಕ ಜಾಯ್’, ನಾನು ಹೋಗಬೇಕು. ಕೆಲಸ ಉಳಿದಿದ್ದರೆ ‘ಇಲ್ ಫೋ ಕ ಜ ಫಾಸ್’, ನಾನು ಮಾಡಬೇಕು. ಹೊತ್ತಿಗೆ ಸರಿಯಾಗಿ ಎಲ್ಲಿಯಾದರೂ ಇರಬೇಕಾದರೆ ‘ಕ ಜ ಸ್ವಾ’, ಏನನ್ನಾದರೂ ತಿಳಿಯಬೇಕಾದರೆ ‘ಕ ಜ ಸಾಶ್’. ಪತ್ರದ ಕೊನೆಯಲ್ಲಿ ವಂದನೆ ಸ್ವೀಕರಿಸಬೇಕೆಂದು ಕೋರುವ ‘ವೊಯೇ’ ಎಂಬ ಪದ ‘ವುಲ್ವಾರ್’ನ ಹಳೆಯ ಸುಬ್ಜೋಂಕ್ತಿಫ್ ರೂಪವೇ. ‘ನೀವು ಬಯಸುವಂತೆ’ ಎನ್ನಲು ಈಗ ‘ವುಲಿಯೇ’ ಎನ್ನುತ್ತಾರೆ. ಮರ್ಯಾದೆಯ ಪತ್ರಗಳು ಮಾತ್ರ ಹಳೆಯದನ್ನು ಬಿಟ್ಟಿಲ್ಲ. ಫ್ರೆಂಚಿನಲ್ಲಿ ಒಂದು ಅರ್ಜಿಯನ್ನು ಬರೆದವರೆಲ್ಲರೂ ತಿಳಿದೋ ತಿಳಿಯದೆಯೋ ಈ ಅನಿಯತ ಕ್ರಿಯಾಪದವನ್ನು ಬಳಸಿ, ಅದರ ಕೆಳಗೆ ಸಹಿ ಹಾಕಿರುತ್ತಾರೆ.